ಹೊಟ್ಟೆ ಬಿಗಿಯುವ ಒಳಉಡುಪು: ಗಂಡಸರು ಆರಿಸುವುದು, ತೊಡುವುದು, ಬಿಚ್ಚುವುದು ಹೇಗೆ

ನಿಂತಾಗಿನ ಸೊಂಟದ ಅಳತೆ ಬೇರೆ, ಕುಳಿತಾಗಿನ ಅಳತೆ ಬೇರೆ. ಹೊಟ್ಟೆ ಬಿಗಿಯುವ ಒಳಉಡುಪು ತೊಟ್ಟು ಗಂಡಸರು ಪಡುವ ಪಾಡಿನಲ್ಲಿ ಬಹುಪಾಲು ಈ ಒಂದು ವ್ಯತ್ಯಾಸವನ್ನು ಮರೆತದ್ದರಿಂದಲೇ ಬರುತ್ತದೆ. ಅಂಗಡಿಯ ಕನ್ನಡಿಯ ಮುಂದೆ ನಾವು ನೆಟ್ಟಗೆ ನಿಂತು, ಅರಿವಿಲ್ಲದೆಯೇ ಉಸಿರು ಬಿಗಿಹಿಡಿದು ನೋಡಿಕೊಳ್ಳುತ್ತೇವೆ; ಆದರೆ ಅದನ್ನು ತೊಟ್ಟು ಹೋಗುವ ಮದುವೆ, ಗೃಹಪ್ರವೇಶ, ಆರತಕ್ಷತೆಗಳಲ್ಲಿ ದಿನದ ಹೆಚ್ಚು ಹೊತ್ತು ಕುಳಿತೇ ಇರುತ್ತೇವೆ, ಅದರಲ್ಲೂ ಮನೆಯ ಹಿರಿಯರಾದರೆ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು.

ಇದನ್ನು ನಾನು ಕಲಿತದ್ದು ಮಗಳ ಮದುವೆಯ ದಿನ. ಮೇ ತಿಂಗಳ ದಾವಣಗೆರೆಯ ಬಿಸಿಲು, ರೇಷ್ಮೆ ಪಂಚೆ, ಅದರ ಮೇಲೆ ಹೊಸ ಜುಬ್ಬ. ಜುಬ್ಬದ ಗುಂಡಿಗಳ ನಡುವೆ ಹೊಟ್ಟೆ ಎದ್ದು ಕಾಣಬಾರದೆಂದು ಒಂದು ಬಿಗಿ ಬನಿಯನ್ ತಂದಿದ್ದೆ. "ಒಂದು ಸೈಜು ಚಿಕ್ಕದೇ ತಗೊಳ್ಳಿ ಸಾರ್, ಆಗಲೇ ಹೊಟ್ಟೆ ಒಳಗೆ ಹೋಗೋದು" ಎಂದಿದ್ದ ಅಂಗಡಿಯವನ ಮಾತನ್ನು ನಂಬಿದ್ದೆ. ಬೆಳಿಗ್ಗೆ ತೊಟ್ಟಾಗ ಎಲ್ಲವೂ ಸರಿಯಾಗಿಯೇ ಇತ್ತು. ಧಾರೆಗೆ ಕುಳಿತು ಕಾಲು ಮಡಿಸಿದ ಹತ್ತು ನಿಮಿಷಕ್ಕೆ ಬನಿಯನ್ನಿನ ಕೆಳ ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಂಡು, ಹೊಕ್ಕುಳ ಮೇಲೆ ಹಗ್ಗ ಕಟ್ಟಿದಂತೆ ಕಚ್ಚಿತು. ಪುರೋಹಿತರು ಹೇಳಿಸುತ್ತಿದ್ದ ಸಂಕಲ್ಪವನ್ನು ಒಂದೇ ಉಸಿರಿನಲ್ಲಿ ಹೇಳಲು ಆಗಲಿಲ್ಲ, ಮಾತು ನಡುವೆ ತುಂಡಾಗುತ್ತಿತ್ತು. ಮಗಳ ಕೈಗೆ ನೀರೆರೆಯುವ ಹೊತ್ತಿನಲ್ಲಿ ನನ್ನ ಗಮನವೆಲ್ಲ ಆ ಸುರುಳಿಯ ಮೇಲಿತ್ತು. ಆ ನೋವು ಇಂದಿಗೂ ನನಗಿದೆ. ಆದ್ದರಿಂದ ಇಂಥ ಉಡುಪನ್ನು ತೊಡಲೇಬೇಡಿ ಎಂದು ಹೇಳುವುದಕ್ಕಿಂತ, ತೊಡುವುದಾದರೆ ಮೈಗೂ ಮನಸ್ಸಿಗೂ ಹಿಂಸೆಯಾಗದಂತೆ ತೊಡುವುದು ಹೇಗೆಂದು ಹೇಳುವುದೇ ಹೆಚ್ಚು ಉಪಯುಕ್ತವೆಂದು ನನಗೆ ಅನಿಸುತ್ತದೆ.

ಉಡುಪು ಮಾಡುವುದೇನು, ಮಾಡದಿರುವುದೇನು

ಗಂಡಸರು ಹೊಟ್ಟೆ ಬಿಗಿದುಕೊಳ್ಳುವುದು ಹೊಸತಲ್ಲ. ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜ್ ಇನ್ನೂರು ವರ್ಷಗಳ ಹಿಂದೆ ದಾರ ಎಳೆದು ಕಟ್ಟುವ ಗಡಸು ಕಾರ್ಸೆಟ್ ತೊಡುತ್ತಿದ್ದ. ಈಗಿನ ಉಡುಪುಗಳಿಗೆ ದಾರವೂ ಬೇಡ, ಕಡ್ಡಿಯೂ ಬೇಡ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ರೂಪಿಸಿದ ಸ್ಪ್ಯಾಂಡೆಕ್ಸ್ ಎಂಬ ನೂಲು, ಅಂದರೆ ನಾವು ಲೈಕ್ರಾ ಎಂದು ಕರೆಯುವುದು, ತನ್ನ ಉದ್ದದ ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಇದನ್ನು ನೈಲಾನ್ ಅಥವಾ ಹತ್ತಿಯೊಂದಿಗೆ ಸೇರಿಸಿ ನೇಯ್ದ ಬಟ್ಟೆಯೇ ಇಂದಿನ ಬಿಗಿ ಬನಿಯನ್, ಎತ್ತರದ ಸೊಂಟಪಟ್ಟಿಯ ಚಡ್ಡಿ, ಟಮ್ಮಿ ಬೆಲ್ಟ್ ಎಲ್ಲದರಲ್ಲೂ ಇರುತ್ತದೆ.

ಚರ್ಮದ ಕೆಳಗಿನ ಮೆದು ಕೊಬ್ಬನ್ನು ಇದು ಒತ್ತಿ ಹರಡುತ್ತದೆ, ಅಷ್ಟೆ. ಕೊಬ್ಬು ಕರಗುವುದಿಲ್ಲ. ರಬ್ಬರಿನಂತಹ ದಪ್ಪ ಬೆಲ್ಟು ಕಟ್ಟಿಕೊಂಡು ನಡೆದ ಮೇಲೆ ತಕ್ಕಡಿಯಲ್ಲಿ ಅರ್ಧ ಕಿಲೋ ಕಡಿಮೆ ಕಂಡರೆ ಹೋಗಿರುವುದು ಬೆವರಿನ ನೀರು. ಎರಡು ಲೋಟ ನೀರು ಕುಡಿದರೆ ಅದು ಮರಳಿ ಬರುತ್ತದೆ. ಇನ್ನೊಂದು ಮಾತು. ಕರುಳಿನ ಸುತ್ತ ಒಳಗೆ ಸೇರಿಕೊಂಡ ಕೊಬ್ಬಿನಿಂದ ಗಟ್ಟಿಯಾಗಿ ಮುಂದೆ ಬಂದ ಹೊಟ್ಟೆ ಯಾವ ಬನಿಯನ್ನಿಗೂ ಬಗ್ಗುವುದಿಲ್ಲ. ಅಂಗೈಯಿಂದ ಒತ್ತಿದರೆ ಹೊಟ್ಟೆ ಮೆತ್ತಗೆ ಒಳಸರಿದರೆ ಉಡುಪಿನಿಂದ ಸ್ವಲ್ಪ ಪ್ರಯೋಜನವುಂಟು. ಮದ್ದಳೆಯಂತೆ ಬಿಗಿಯಾಗಿದ್ದರೆ ಹಣವೂ ವ್ಯರ್ಥ, ಹಿಂಸೆಯೂ ಹೆಚ್ಚು.

ಅಳತೆ

ಹೆಚ್ಚಿನವರು ಪ್ಯಾಂಟಿನ ಸೈಜನ್ನೇ ಸೊಂಟದ ಸೈಜೆಂದು ಹೇಳಿಬಿಡುತ್ತಾರೆ. ಹೊಟ್ಟೆ ಬಂದ ಗಂಡಸು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾನೆ. ಹಾಗಾಗಿ 36ರ ಪ್ಯಾಂಟು ತೊಡುವವನ ಹೊಕ್ಕುಳ ಸುತ್ತಳತೆ 40 ಇಂಚು ದಾಟಿರಬಹುದು. ಬಿಗಿ ಉಡುಪು ಕೂರುವುದು ಹೊಟ್ಟೆಯ ಮೇಲೆಯೇ ಹೊರತು ಅದರ ಕೆಳಗಲ್ಲ.

ದರ್ಜಿಯ ಬಟ್ಟೆ ಟೇಪನ್ನು ತೆಗೆದುಕೊಂಡು, ಬರಿ ಮೈಯ ಮೇಲೆ, ಊಟಕ್ಕೆ ಮುಂಚೆ ಒಮ್ಮೆ ಮತ್ತು ಊಟವಾದ ಒಂದು ಗಂಟೆಯ ಮೇಲೆ ಒಮ್ಮೆ ಅಳೆಯಿರಿ. ಎದೆಯನ್ನು ಮೊಲೆತೊಟ್ಟಿನ ಮಟ್ಟದಲ್ಲಿ, ಹೊಟ್ಟೆಯನ್ನು ಹೊಕ್ಕುಳ ಮಟ್ಟದಲ್ಲಿ, ಪೃಷ್ಠವನ್ನು ಅತಿ ಅಗಲವಿರುವಲ್ಲಿ ಅಳೆಯಬೇಕು. ಉಸಿರನ್ನು ಸಹಜವಾಗಿ ಬಿಟ್ಟ ಕೊನೆಯಲ್ಲಿ ಅಳತೆ ನೋಡಬೇಕೇ ಹೊರತು ಹೊಟ್ಟೆಯನ್ನು ಒಳಗೆಳೆದುಕೊಂಡಲ್ಲ. ಇಷ್ಟನ್ನು ನಿಂತು ಬರೆದುಕೊಂಡ ಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ಹೊಕ್ಕುಳ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ. ನನ್ನ ಮಟ್ಟಿಗೆ ಈ ಎರಡರ ನಡುವೆ ಮೂರು ಇಂಚಿನ ಅಂತರವಿತ್ತು. ಪೊಟ್ಟಣದ ಮೇಲಿನ ಅಳತೆಪಟ್ಟಿಯಲ್ಲಿ ಕುಳಿತಾಗಿನ ಸಂಖ್ಯೆ ಯಾವ ಸೈಜಿಗೆ ಬೀಳುತ್ತದೆಯೋ ಅದನ್ನೇ ಕೊಳ್ಳಬೇಕು. ಎರಡು ಸೈಜುಗಳ ನಡುವೆ ಬಿದ್ದರೆ ದೊಡ್ಡದೇ ಸರಿ. ಚಿಕ್ಕ ಸೈಜಿನಿಂದ ಹೊಟ್ಟೆ ಹೆಚ್ಚೇನೂ ಒಳಗೆ ಹೋಗುವುದಿಲ್ಲ. ಒತ್ತಿದ ಮಾಂಸ ಅಂಚಿನ ಮೇಲೆ ಮಡಿಕೆಯಾಗಿ ಉಬ್ಬಿ, ತೆಳು ಅಂಗಿಯ ಮೂಲಕ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಟೇಪು ಕೈಯಲ್ಲಿರುವಾಗಲೇ ಮತ್ತೊಂದು ಅಳತೆ ತೆಗೆದಿಡುವುದು ಒಳ್ಳೆಯದು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯದ ಸುತ್ತಳತೆ. ಭಾರತೀಯ ಗಂಡಸರಲ್ಲಿ ಇದು 90 ಸೆಂಟಿಮೀಟರ್ ಮೀರಿದರೆ ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಗಳ ಅಪಾಯ ಹೆಚ್ಚೆಂದು ವೈದ್ಯರು ಪರಿಗಣಿಸುತ್ತಾರೆ. ಉಡುಪು ಕೊಂಡರೂ ಬಿಟ್ಟರೂ, ಆ ಗೆರೆ ದಾಟಿದವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.

ಕೊಳ್ಳುವಾಗ ಕೈಯಿಂದ ಮುಟ್ಟಿ ನೋಡಬೇಕಾದದ್ದು ಅಂಚುಗಳನ್ನು. ಎರಡು ಬೆರಳಗಲಕ್ಕಿಂತ ಹೆಚ್ಚು ಅಗಲವಾದ, ಚಪ್ಪಟೆ ಹೊಲಿಗೆಯ ಅಂಚು ಮೈಮೇಲೆ ಹರಡಿ ಕೂರುತ್ತದೆ. ಸಣ್ಣ ಇಲಾಸ್ಟಿಕ್ ದಾರ ತೂರಿಸಿದ ಅಂಚು ಸುರುಳಿಯಾಗುತ್ತದೆ. ಬನಿಯನ್ನು ಸೊಂಟದ ಮೂಳೆ ದಾಟಿ ಪೃಷ್ಠದ ಮೇಲ್ಭಾಗದವರೆಗೆ ಉದ್ದವಿರಬೇಕು, ಚಡ್ಡಿಯೊಳಗೆ ಸೇರಿಸಿಕೊಳ್ಳುವಂತಿರಬೇಕು. ಕಂಕುಳಲ್ಲಿ ಬಟ್ಟೆ ಒತ್ತಬಾರದು. ಗಂಡಸರ ಚಡ್ಡಿಯಾದರೆ ಮುಂದುಗಡೆ ಮೂತ್ರಕ್ಕೆ ತೆರಪು ಇದೆಯೇ ಎಂದು ನೋಡುವುದನ್ನು ಹಲವರು ಮರೆಯುತ್ತಾರೆ; ಅದಿಲ್ಲದ ಚಡ್ಡಿ ತೊಟ್ಟವರು ಶೌಚಾಲಯಕ್ಕೆ ಹೋಗುವ ತಾಪತ್ರಯಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಇದು ಬೇಸಿಗೆಯಲ್ಲಿ ಅಪಾಯಕಾರಿ.

ಸಮಾರಂಭಕ್ಕೆ ಮುನ್ನ ಮನೆಯಲ್ಲಿ ಒಂದು ಪರೀಕ್ಷೆ

ಕಾರ್ಯಕ್ರಮಕ್ಕೆ ಕನಿಷ್ಠ ಒಂದು ವಾರ ಮೊದಲು ಇದನ್ನು ಮಾಡಿ. ಸ್ನಾನವಾದ ಕೂಡಲೇ ಹಸಿ ಮೈಗೆ ಏರಿಸಲು ಹೋಗಬೇಡಿ. ಮೈ ಪೂರ್ತಿ ಒಣಗಿರಲಿ. ಬಿಗಿ ಬನಿಯನ್ನನ್ನು ತಲೆಯ ಮೇಲಿಂದ ಹಾಕಿದರೆ ಅದು ಹೆಗಲಿನಲ್ಲಿ ಸಿಕ್ಕಿಕೊಂಡು, ತೋಳು ಮೇಲೆತ್ತಿದ ಸ್ಥಿತಿಯಲ್ಲಿಯೇ ಬಂಧಿಯಾಗುವುದುಂಟು. ಕುತ್ತಿಗೆಯ ಭಾಗ ಸಾಕಷ್ಟು ಹಿಗ್ಗುವಂತಿದ್ದರೆ ಬನಿಯನ್ನನ್ನು ಬಳೆಯಂತೆ ಸುರುಳಿ ಮಾಡಿ, ಕಾಲು ತೂರಿಸಿ, ತೊಡೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾ ಮೇಲೆ ತರುವುದು ಸುಲಭ. ಕೊನೆಗೆ ಒಂದೊಂದೇ ತೋಳನ್ನು ಹಾಕಿ, ಎರಡೂ ಅಂಗೈಗಳಿಂದ ಬಟ್ಟೆಯನ್ನು ಕೆಳಕ್ಕೆ ಸವರಿ ಸುಕ್ಕು ಬಿಡಿಸಬೇಕು. ಒಂದೇ ಒಂದು ಸುಕ್ಕು ಉಳಿದರೂ ಎರಡು ಗಂಟೆಯಲ್ಲಿ ಅದರ ಕೆಂಪು ಗೆರೆ ಚರ್ಮದ ಮೇಲೆ ಮೂಡಿರುತ್ತದೆ.

ತೊಟ್ಟ ಮೇಲೆ ಅಂಚಿನ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ನೆಲದ ಮೇಲೆ ಕುಳಿತು ಹದಿನೈದು ನಿಮಿಷ ಕಾಲು ಮಡಿಸಿಕೊಂಡಿರಿ. ಕುಳಿತಲ್ಲೇ ಮುಂದೆ ಬಾಗಿ ಎಲೆಗೆ ಬಡಿಸಿಕೊಳ್ಳುವಂತೆ ಕೈ ಚಾಚಿ. ಆಮೇಲೆ ನಿಮಗೆ ಬಾಯಿಪಾಠವಿರುವ ಯಾವುದಾದರೂ ಶ್ಲೋಕವನ್ನೋ ವಚನವನ್ನೋ ಜೋರಾಗಿ ಹೇಳಿ, ಎಂದಿನ ಜಾಗದಲ್ಲೇ ಉಸಿರು ತೆಗೆದುಕೊಳ್ಳುತ್ತಿದ್ದೀರಾ ಎಂದು ಗಮನಿಸಿ. ನಡುವೆ ಹೆಚ್ಚುವರಿ ಉಸಿರು ಬೇಕಾಯಿತೆಂದರೆ ಹೊಟ್ಟೆ ಹೊರಬರಲು ಜಾಗವಿಲ್ಲದೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿರುವ ಉಸಿರಾಟದ ಸ್ನಾಯು, ಕೆಳಗಿಳಿಯಲಾಗುತ್ತಿಲ್ಲ, ನೀವು ಎದೆಯ ಮೇಲುಭಾಗದಿಂದ ಮಾತ್ರ ಉಸಿರಾಡುತ್ತಿದ್ದೀರಿ ಎಂದು ಅರ್ಥ. ಆ ಉಡುಪನ್ನು ಬದಲಿಸಿ ತನ್ನಿ. ನಾನು ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಧಾರೆಯ ಹೊತ್ತಿಗೆ ನೆಮ್ಮದಿಯಾಗಿರುತ್ತಿದ್ದೆ.

ಮೊದಲ ದಿನ ಒಂದು ಗಂಟೆ, ಎರಡು ದಿನ ಬಿಟ್ಟು ಎರಡು ಗಂಟೆ, ಹೀಗೆ ಮೈಗೆ ಅಭ್ಯಾಸ ಮಾಡಿಸಿ. ಒಂದೇ ಸಮನೆ ನಾಲ್ಕು ಗಂಟೆ ಮೀರಿ ತೊಡದಿರುವುದು ನನ್ನ ನಿಯಮ. ಇದು ಯಾವ ಗ್ರಂಥದ ಸಂಖ್ಯೆಯೂ ಅಲ್ಲ, ನನ್ನ ಮೈ ತಾಳಿದ ಲೆಕ್ಕ. ನಿಮ್ಮದು ಇನ್ನೂ ಕಡಿಮೆಯಿದ್ದರೆ ಅದೇ ಸರಿ. ತೊಟ್ಟುಕೊಂಡು ಮಲಗುವುದು, ರಾತ್ರಿ ಬಸ್ಸಿನ ಪ್ರಯಾಣ ಮಾಡುವುದು ಬೇಡವೇ ಬೇಡ.

ಎಲ್ಲೆಲ್ಲಿ ನೋಯುತ್ತದೆ, ಏಕೆ ನೋಯುತ್ತದೆ

ಎಲ್ಲಕ್ಕಿಂತ ಸಾಮಾನ್ಯವಾದದ್ದು ಎದೆಯುರಿ ಮತ್ತು ಹುಳಿತೇಗು. ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಬಿಗಿ ಬಾಯಿ ಇದೆ. ಹೊಟ್ಟೆಯನ್ನು ಹೊರಗಿನಿಂದ ಒತ್ತಿದಾಗ ಜಠರದೊಳಗಿನ ಒತ್ತಡ ಏರಿ, ಆ ಬಾಯಿಯನ್ನು ದಾಟಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಮದುವೆಯ ಊಟದಲ್ಲಿ ಹೋಳಿಗೆ, ತುಪ್ಪ, ಕರಿದ ಹಪ್ಪಳ ಸಂಡಿಗೆ ಎಲ್ಲವೂ ಇರುತ್ತವೆ. ಕೊಬ್ಬಿನ ಆಹಾರ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಜೊತೆಗೆ ಕೆಳಗೆ ಕುಳಿತು ಬಾಗಿ ಉಣ್ಣುತ್ತೇವೆ. ಮೂರೂ ಸೇರಿದರೆ ಪಾಯಸದ ಹೊತ್ತಿಗೆ ಗಂಟಲಲ್ಲಿ ಹುಳಿ ಬರುವುದು ಖಂಡಿತ. ಇದಕ್ಕೆ ಮಾತ್ರೆ ನುಂಗುವುದು ಪರಿಹಾರವಲ್ಲ. ಪಂಕ್ತಿಗೆ ಕೂರುವ ಮುನ್ನ ಉಡುಪನ್ನು ಬಿಚ್ಚಬೇಕು. ಮುಂದೆ ಮತ್ತೆ ಫೋಟೋಗೆ ನಿಲ್ಲಬೇಕಾದರೆ ಊಟವಾಗಿ ಎರಡು ಗಂಟೆ ಬಿಟ್ಟು ತೊಡಿ. ಈ ಕಾರಣಕ್ಕಾಗಿಯೇ, ಬಿಗಿಯನ್ನು ಬೇಕಾದಂತೆ ಸಡಿಲಿಸಬಹುದಾದ ವೆಲ್ಕ್ರೋ ಬೆಲ್ಟು ಬನಿಯನ್ನಿಗಿಂತ ಮೇಲೆಂದು ನನಗೆ ಅನಿಸುತ್ತದೆ, ಹತ್ತಿ ಬನಿಯನ್ನಿನ ಮೇಲೆ ಅದನ್ನು ಸುತ್ತಿಕೊಳ್ಳುವುದಾದರೆ.

ಎರಡನೆಯದು ತೊಡೆಯ ಹೊರಬದಿಯ ಉರಿ. ಪ್ಯಾಂಟಿನ ಪಕ್ಕದ ಜೇಬಿರುವ ಜಾಗದಲ್ಲಿ ಚರ್ಮ ಜೋಮು ಹಿಡಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ, ಬಟ್ಟೆ ತಾಕಿದರೂ ಉರಿಯುತ್ತದೆ. ಆದರೆ ಕಾಲಿನ ಬಲ ಕುಗ್ಗಿರುವುದಿಲ್ಲ. ತೊಡೆಯ ಹೊರಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ನರವೊಂದು ಸೊಂಟದ ಮೂಳೆಯ ಮುಂದುಗಡೆ, ತೊಡೆಸಂದಿನ ಪಟ್ಟಿಯ ಕೆಳಗೆ ಹಾದುಬರುತ್ತದೆ. ಚಡ್ಡಿಯ ಅಥವಾ ಬೆಲ್ಟಿನ ಅಂಚು ಅದನ್ನು ಅಲ್ಲಿ ಒತ್ತಿದರೆ ಹೀಗಾಗುತ್ತದೆ. 1895ರಷ್ಟು ಹಿಂದೆಯೇ ವೈದ್ಯರು ಇದನ್ನು ಗುರುತಿಸಿ ಮೆರಾಲ್ಜಿಯಾ ಪ್ಯಾರಸ್ಥೆಟಿಕಾ ಎಂದು ಹೆಸರಿಟ್ಟರು. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಹೆಚ್ಚಿನ ಸಂದರ್ಭಗಳಲ್ಲಿ ಬಿಗಿಯನ್ನು ತೆಗೆದರೆ ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಇಲ್ಲವೇ ಕಾಲಿನ ಬಲವೇ ಕುಂದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಅದು ಬೆನ್ನುಮೂಳೆಯ ಬೇರೆ ತೊಂದರೆಯೂ ಆಗಿರಬಹುದು.

ಚರ್ಮದ ಕಥೆ ಊರಿಂದ ಊರಿಗೆ ಬೇರೆ. ಮಂಗಳೂರು, ಕಾರವಾರದ ಕಡೆಯ ತೇವಾಂಶದಲ್ಲಿ ನೈಲಾನ್ ಬಟ್ಟೆಯ ಕೆಳಗೆ ಬೆವರು ಆರುವುದೇ ಇಲ್ಲ. ಮೊದಲು ಬೆವರುಸಾಲೆ ಏಳುತ್ತದೆ. ಹೊಟ್ಟೆಯ ಮಡಿಕೆ, ಕಂಕುಳು, ತೊಡೆಸಂದು ತೇವವಾಗಿಯೇ ಉಳಿದರೆ ಮುಂದೆ ಹುಳುಕಡ್ಡಿ ಹಿಡಿಯುತ್ತದೆ. ದುಂಡಗೆ ಹರಡುವ, ಅಂಚು ಕೆಂಪಾದ, ರಾತ್ರಿ ತುರಿಸುವ ಕಲೆ ಕಂಡರೆ ಔಷಧದ ಅಂಗಡಿಯಲ್ಲಿ ಕೇಳಿ ಯಾವುದೋ ಟ್ಯೂಬು ತಂದು ಹಚ್ಚಬೇಡಿ. ಅಂಥ ಹಲವು ಮುಲಾಮುಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ತುರಿಕೆ ನಿಂತಂತಾಗಿ, ಒಳಗೊಳಗೇ ಶಿಲೀಂಧ್ರ ಇನ್ನಷ್ಟು ಹಬ್ಬಿ, ಆಮೇಲೆ ತಿಂಗಳುಗಟ್ಟಲೆ ಕಾಡುತ್ತದೆ. ಚರ್ಮದ ವೈದ್ಯರಿಗೇ ತೋರಿಸಿ. ಮುನ್ನೆಚ್ಚರಿಕೆಯಾಗಿ, ಬಿಗಿ ಉಡುಪಿನ ಕೆಳಗೆ ತೆಳುವಾದ ಹತ್ತಿ ಬನಿಯನ್ ತೊಡಬೇಕು. ಅದು ಬೆವರು ಹೀರುತ್ತದೆ, ಹೊಲಿಗೆ ಚರ್ಮಕ್ಕೆ ತಾಗದಂತೆ ತಡೆಯುತ್ತದೆ.

ಬಿಗಿ ಚಡ್ಡಿಯ ವಿಷಯದಲ್ಲಿ ಯುವಕರಿಗೆ ಬೇರೆಯೇ ಒಂದು ಮಾತು ಹೇಳಬೇಕು. ವೃಷಣಗಳು ದೇಹದ ಒಳಗಿನ ಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ಹುಟ್ಟುತ್ತವೆ. ಬಾಸ್ಟನ್‌ನ ಫಲವಂತಿಕೆ ಚಿಕಿತ್ಸಾ ಕೇಂದ್ರವೊಂದಕ್ಕೆ ಬಂದಿದ್ದ 656 ಗಂಡಸರನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಡಿಲ ಚಡ್ಡಿ ತೊಡುವವರ ವೀರ್ಯಾಣು ಸಾಂದ್ರತೆ ಇತರರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತು. ಬಿಗಿ ತೊಟ್ಟವರಿಗೆ ಮಕ್ಕಳಾಗುವುದಿಲ್ಲವೆಂದು ಇದರ ಅರ್ಥವಲ್ಲ. ಆದರೆ ಮಗುವಿಗಾಗಿ ಪ್ರಯತ್ನಿಸುತ್ತಿರುವವರು ದಿನವಿಡೀ ಇದನ್ನು ತೊಡುವ ಅಗತ್ಯವೇನೂ ಇಲ್ಲ.

ತಲೆ ತಿರುಗಿ, ಕಣ್ಣು ಕತ್ತಲಾದರೆ ಸಂಕೋಚಪಡಬೇಡಿ. ಸೆಕೆ, ಉಪವಾಸ, ಹೋಮದ ಹೊಗೆ, ಆಳವಿಲ್ಲದ ಉಸಿರು ಒಟ್ಟಾದಾಗ ಎಂಥವರಿಗೂ ಹಾಗಾಗುತ್ತದೆ. ಪಕ್ಕದವರಿಗೆ ಹೇಳಿ, ಕೋಣೆಗೆ ಹೋಗಿ, ಅಂಗಾತ ಮಲಗಿ, ಕಾಲನ್ನು ದಿಂಬಿನ ಮೇಲಿಟ್ಟು, ಉಡುಪನ್ನು ಬಿಚ್ಚಿಸಿಕೊಳ್ಳಿ. ಬಿಚ್ಚಲಾಗದಿದ್ದರೆ ಕತ್ತರಿಯಿಂದ ಕತ್ತರಿಸಿ. ಏಳೆಂಟು ನೂರು ರೂಪಾಯಿಯ ಬಟ್ಟೆಗೆ ಮರುಗುವ ಹೊತ್ತಲ್ಲ ಅದು. ಎದೆನೋವು ಇದ್ದರೆ ಅದನ್ನು ಉಡುಪಿನ ಬಿಗಿತವೆಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗಬೇಕು.

ಯಾರು ತೊಡಬಾರದು

ಮೊದಲೇ ಆಮ್ಲದ ತೊಂದರೆಗೆ ಔಷಧ ತೆಗೆದುಕೊಳ್ಳುತ್ತಿರುವವರು, ಉಬ್ಬಸ ಅಥವಾ ಹೃದಯದ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರನ್ನು ಕೇಳದೆ ತೊಡಬಾರದು. ಹರ್ನಿಯಾ ಇರುವವರಲ್ಲಿ ಕೆಲವರು ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಟಮ್ಮಿ ಬೆಲ್ಟು ಕಟ್ಟಿಕೊಳ್ಳುತ್ತಾರೆ. ಅದು ಹರ್ನಿಯಾವನ್ನು ವಾಸಿ ಮಾಡುವುದಿಲ್ಲ, ನೋವನ್ನು ಮರೆಮಾಚಬಹುದು ಅಷ್ಟೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಕೊಡುವ ಬೈಂಡರ್ ಎಂಬ ಹೊಟ್ಟೆಪಟ್ಟಿ ಬೇರೆ, ಬಟ್ಟೆ ಅಂಗಡಿಯ ಬೆಲ್ಟು ಬೇರೆ. ಒಂದರ ಬದಲು ಇನ್ನೊಂದನ್ನು ಬಳಸಬೇಡಿ.

ಎದೆಯ ಉಬ್ಬನ್ನು ಮುಚ್ಚಿಕೊಳ್ಳಲು ಬಿಗಿ ಬನಿಯನ್ ತೊಡುವ ಹುಡುಗರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಹದಿಹರೆಯದಲ್ಲಿ ಹಾರ್ಮೋನುಗಳ ಏರುಪೇರಿನಿಂದ ಹುಡುಗರ ಎದೆ ಸ್ವಲ್ಪ ಉಬ್ಬುವುದು ತುಂಬ ಸಾಮಾನ್ಯ. ಹೆಚ್ಚಿನವರಲ್ಲಿ ಅದು ಆರು ತಿಂಗಳಿಂದ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ. ಶಾಲೆಯಲ್ಲಿ ಯಾರೋ ಆಡಿಕೊಂಡರೆಂದು ಇಡೀ ದಿನ ಎದೆ ಬಿಗಿದುಕೊಂಡು, ಆಟಕ್ಕೂ ಹೋಗದೆ ಕೂರುವ ಮಕ್ಕಳಿದ್ದಾರೆ. ತಂದೆಯಾದವರು ಗದರದೆ, ನಗದೆ, ವೈದ್ಯರ ಬಳಿಗೆ ಕರೆದೊಯ್ಯಬೇಕು. ದೊಡ್ಡವರಲ್ಲಿ ಹೊಸದಾಗಿ ಉಬ್ಬು ಬಂದರೆ ಕೆಲವು ಔಷಧಗಳೂ ಕಾರಣವಾಗಿರಬಹುದು. ಒಂದೇ ಬದಿಯಲ್ಲಿ ಗಟ್ಟಿ ಗಂಟು ಸಿಕ್ಕಿದರೆ, ತೊಟ್ಟಿನಿಂದ ದ್ರವ ಬಂದರೆ, ಬನಿಯನ್ನಿನಿಂದ ಮುಚ್ಚಿಡುವ ವಿಷಯ ಅದಲ್ಲ. ಸ್ತನದ ಕ್ಯಾನ್ಸರ್ ಅಪರೂಪಕ್ಕೆ ಗಂಡಸರಿಗೂ ಬರುತ್ತದೆ.

ಬಿಚ್ಚುವುದು, ಒಗೆಯುವುದು

ಬೆವರಿನಿಂದ ಒದ್ದೆಯಾದ ಉಡುಪು ಮೈಗೆ ಅಂಟಿಕೊಂಡಿರುತ್ತದೆ, ಅವಸರದಲ್ಲಿ ಎಳೆದರೆ ಚರ್ಮ ತರಚುತ್ತದೆ. ಐದು ನಿಮಿಷ ಫ್ಯಾನಿನ ಕೆಳಗೆ ಕುಳಿತು, ಮೊದಲು ತೋಳುಗಳನ್ನು ಹೊರತೆಗೆದು, ಬಟ್ಟೆಯನ್ನು ಕೆಳಮುಖವಾಗಿ ಸುರುಳಿ ಸುತ್ತಿ ಕಾಲಿನಿಂದ ತೆಗೆಯಿರಿ. ತಣ್ಣೀರಿನ ಸ್ನಾನ ಮಾಡಿ, ಮಡಿಕೆಗಳನ್ನು ಒತ್ತಿ ಒರೆಸಿ ಒಣಗಿಸಿ. ಮೈಮೇಲಿನ ಗೆರೆಗಳು ಒಂದು ಗಂಟೆಯಲ್ಲಿ ಮಾಯವಾಗಬೇಕು. ಮರುದಿನವೂ ಉಳಿದಿದ್ದರೆ ಸೈಜು ಚಿಕ್ಕದಾಯಿತೆಂದು ತಿಳಿಯಿರಿ.

ಬಿಸಿನೀರು, ಬ್ಲೀಚು, ಹಿಂಡುವುದು, ಕಲ್ಲಿಗೆ ಬಡಿಯುವುದು, ಬಿಸಿಲಿಗೆ ಹರವುವುದು, ಇಸ್ತ್ರಿ, ಇವೆಲ್ಲ ಲೈಕ್ರಾ ನೂಲನ್ನು ಕೊಲ್ಲುತ್ತವೆ. ತಣ್ಣೀರಿನಲ್ಲಿ ಮೆದು ಸೋಪಿನಿಂದ ಅದುಮಿ ಒಗೆದು, ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಿನಲ್ಲಿ ಆರಿಸಬೇಕು. ಒಮ್ಮೆ ತೊಟ್ಟದ್ದನ್ನು ಒಗೆಯದೆ ಮಾರನೆಯ ದಿನಕ್ಕೆ ತೊಡಬೇಡಿ.

ಇಷ್ಟೆಲ್ಲ ಮಾಡುವ ಮೊದಲು ದರ್ಜಿಯನ್ನೊಮ್ಮೆ ಕಂಡು ಬನ್ನಿ. ಹೊಟ್ಟೆಯ ಮಟ್ಟದಲ್ಲಿ ಎರಡು ಇಂಚು ಹೆಚ್ಚು ಸಡಿಲ ಬಿಟ್ಟು, ಗುಂಡಿಪಟ್ಟಿಗೆ ಒಳಗಿನಿಂದ ಗಟ್ಟಿ ಬಟ್ಟೆ ಕೊಟ್ಟು, ಪಕ್ಕದ ಸೀಳನ್ನು ಸ್ವಲ್ಪ ಮೇಲಕ್ಕೆ ಹೊಲಿದ ಜುಬ್ಬ ಕುಳಿತಾಗ ಬಿರಿಯುವುದಿಲ್ಲ, ಹೊಟ್ಟೆಗೆ ಅಂಟುವುದೂ ಇಲ್ಲ. ಕಳೆದ ಮಾಗಿಯಲ್ಲಿ ತಮ್ಮನ ಮಗನ ಮದುವೆಗೆ ನಾನು ಹಾಗೆಯೇ ಹೊಲಿಸಿಕೊಂಡೆ; ಕೆಳಗೆ ಬರೀ ಹತ್ತಿ ಬನಿಯನ್, ಮಾಮೂಲಿನದು. ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೂ ಎಲೆಯಲ್ಲಿ ಜಾಗ ಮಾಡಿಕೊಟ್ಟೆ. ಆ ಹಳೆಯ ಬಿಗಿ ಬನಿಯನ್ನನ್ನು ಬೀರುವಿನಿಂದ ತೆಗೆದು ನೋಡಿದಾಗ ಹೊಲಿಗೆಯ ಸಾಲಿನಲ್ಲಿ ಬಿಳಿ ಕೂದಲಿನಂಥ ಎಳೆಗಳು ಹೊರಗೆ ಇಣುಕುತ್ತಿದ್ದವು. ಲೈಕ್ರಾ ತುಂಡಾಗಿದೆ, ಉಡುಪಿನ ಆಯುಸ್ಸು ಮುಗಿದಿದೆ ಎಂಬುದಕ್ಕೆ ಅದೇ ಗುರುತು. ನಿಮ್ಮ ಉಡುಪಿನಲ್ಲಿ ಅಂಥ ಎಳೆ ಕಂಡ ದಿನವೇ ಅದನ್ನು ಬಿಸಾಡಿ, ಒಂದು ಕಡೆ ಸಡಿಲ ಇನ್ನೊಂದು ಕಡೆ ಬಿಗಿಯಾಗಿ ಅದು ಮೈಯನ್ನು ಓರೆಯಾಗಿ ಎಳೆಯತೊಡಗುತ್ತದೆ.